ಎಂಟುನೂರು ಜನ ಕೊಟ್ಟು ನಾಲ್ಕು ಸಾವಿರ

ಪ್ರಶ್ನೆ: ದೋಣಿಯಲ್ಲಿ ಬಂದ ನಿರಾಶ್ರಿತರನ್ನು ಆಸ್ಟ್ರೇಲಿಯಾ ಹಿಂದೊಮ್ಮೆ ಮಲೇಷ್ಯಾಕ್ಕೆ ಕಳಿಸಲು ಹೊರಟಿತ್ತು ಎಂದು ಮೆಲ್ಬರ್ನ್‌ನಲ್ಲಿರುವ ಮಗ ಹೇಳಿದ. ಅದು ನಿಂತದ್ದು ಯಾಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅದು 2011ರ ಮಾತು ಸಾರ್. ಆಗಿನ ಪ್ರಧಾನಿ ಜೂಲಿಯಾ ಗಿಲಾರ್ಡ್ ಸರ್ಕಾರ ಮಾಡಿಕೊಂಡ ಒಪ್ಪಂದ. ದೋಣಿಯಲ್ಲಿ ಬಂದ 800 ಜನರನ್ನು ಮಲೇಷ್ಯಾಕ್ಕೆ ಕಳಿಸುವುದು, ಅಲ್ಲಿ ಕಾಯುತ್ತಿದ್ದ 4,000 ನಿರಾಶ್ರಿತರನ್ನು ನಾಲ್ಕು ವರ್ಷಗಳಲ್ಲಿ ಕರೆಸಿಕೊಳ್ಳುವುದು. ಲೆಕ್ಕದಲ್ಲಿ ಉದಾರವೇ, ಅಲ್ವಾ?

ಆದರೆ ಮಲೇಷ್ಯಾ ನಿರಾಶ್ರಿತರ ರಕ್ಷಣೆಯ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸಹಿಯನ್ನೇ ಹಾಕಿಲ್ಲ. ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದು ಬರೆದುಕೊಟ್ಟಿತ್ತು, ನಿಜ. ಆದರೆ ಕಾನೂನಿನ ಕಟ್ಟು ಇಲ್ಲ ಎಂದು ಅದೇ ಕಾಗದದಲ್ಲಿತ್ತು! ಮಾತಷ್ಟೇ ಸಾಲದು, ರಕ್ಷಣೆ ಕಾನೂನಿನಲ್ಲೇ ಇರಬೇಕು ಎಂದ ಆಸ್ಟ್ರೇಲಿಯಾದ ಹೈಕೋರ್ಟ್ ಆಗಸ್ಟ್ 31ರಂದು ತಡೆಯಿತು. (ಅಲ್ಲಿ ಎಲ್ಲಕ್ಕಿಂತ ದೊಡ್ಡ ಕೋರ್ಟಿನ ಹೆಸರೇ ಹೈಕೋರ್ಟ್.)

ಆಮೇಲಿನ ರಾಜಕೀಯ ನೋಡಿ. ಕಾನೂನು ತಿದ್ದಲು ಸರ್ಕಾರಕ್ಕೆ ಸಂಸತ್ತಿನಲ್ಲಿ ಬೆಂಬಲ ಸಿಗಲಿಲ್ಲ. ವಿರೋಧ ಪಕ್ಷದ ಟೋನಿ ಅಬಾಟ್ ಮಲೇಷ್ಯಾ ಬೇಡ, ಪೆಸಿಫಿಕ್ ಸಾಗರದ ನೌರು ದ್ವೀಪವೇ ಸರಿ ಎಂದು ಹಟ ಹಿಡಿದರು. ನಿರಾಶ್ರಿತರ ಮೇಲಿನ ಕರುಣೆಗಿಂತ ಗಿಲಾರ್ಡ್ ಸೋಲಲಿ ಎಂಬ ಆಸೆಯೇ ಅವರಿಗೆ ಜಾಸ್ತಿ ಇತ್ತು ಅನ್ನಿಸುತ್ತದೆ ನನಗೆ. ಕೊನೆಗೆ 2012ರಲ್ಲಿ ಗಿಲಾರ್ಡ್ ಸರ್ಕಾರವೇ ನೌರು ಮತ್ತು ಪಪುವಾ ನ್ಯೂಗಿನಿಯ ಮಾನುಸ್ ದ್ವೀಪಗಳಲ್ಲಿ ದೋಣಿಯಲ್ಲಿ ಬಂದವರನ್ನು ಇಡುವ ಶಿಬಿರ ಮತ್ತೆ ತೆರೆಯಿತು.