ಎರಡು ಕಾರ್ಡ್ ಇಟ್ಟರೆ ಲೆಕ್ಕ ಎಷ್ಟಾಗುತ್ತೆ?

ದಾವಣಗೆರೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು. ರಜೆಗೆ ಮನೆಗೆ ಬಂದ ಅಕ್ಕನ ಜೊತೆ ಅವರು ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡ್ ಆಟ ಆಡುತ್ತಿದ್ದರು. ಟೇಬಲ್ ಮೇಲೆ ಅವರ ಕಡೆ ಎರಡು ಡಬ್ಲಿಂಗ್ ಸೀಸನ್, ಎರಡು ಪ್ಯಾನ್‌ಹಾರ್ಮೋನಿಕಾನ್, ಒಂದು ಇಂಪ್ಯಾಕ್ಟ್ ಟ್ರೆಮರ್ಸ್ ಇದ್ದವು. ಅಕ್ಕನ ಲೈಫ್ 14, ಅದು ಸೊನ್ನೆಯಾದರೆ ಸೋಲು. ಇವರು ಒಂದು ಕ್ರಿಯೇಚರ್ ಟೋಕನ್ (ಕಾದಾಡುವ ಜೀವಿಯ ಗುರುತಾಗಿ ಟೇಬಲ್ ಮೇಲೆ ಇಡುವುದು) ತರುವ ಕಾರ್ಡ್ ಆಡಿದರು. "ಟೋಕನ್ ನಾಲ್ಕು ಬರುತ್ತೆ, ಒಂದೊಂದಕ್ಕೂ ನಾಲ್ಕು ಸಲ ಡ್ಯಾಮೇಜ್, ಒಟ್ಟು 16, ಆಟ ಮುಗೀತು" ಎಂದರು. "ಟೋಕನ್ ಮೂರೇ, ಒಂದೊಂದಕ್ಕೆ ಮೂರು ಸಲ, 9 ಅಷ್ಟೇ" ಎಂದರು ಅಕ್ಕ. ಮಾತಿಗೆ ಮಾತು ಬೆಳೆಯಿತು. ಟೇಬಲ್‌ನ ಫೋಟೋ ತೆಗೆದಿಟ್ಟು ಆಟ ನಿಲ್ಲಿಸಿದರು. ಎರಡು ವಾರದಿಂದ ಡೆಕ್ ಡಬ್ಬಿಯಲ್ಲೇ ಇದೆಯಂತೆ. ಯಾರ ಲೆಕ್ಕ ಸರಿ ಎಂದು ಕೇಳಿದ್ದಾರೆ.

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿದ ಮೇಲೆ ನಾನೂ ಕಾರ್ಡ್ ಹರಡಿಕೊಂಡು ಕೂತೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಟೋಕನ್ ವಿಷಯದಲ್ಲಿ ನೀವು ಸರಿ, ನಾಲ್ಕು ಬರುತ್ತವೆ. ಎಷ್ಟು ಸಲ ಎಂಬ ವಿಷಯದಲ್ಲಿ ನಿಮ್ಮ ಅಕ್ಕ ಸರಿ, ಮೂರು ಸಲ. ನಾಲ್ಕು ಮೂರಲ ಹನ್ನೆರಡು. ಡ್ಯಾಮೇಜ್ 16 ಅಲ್ಲ, 9 ಕೂಡ ಅಲ್ಲ, 12.

ಇಬ್ಬರೂ ಜಾರಿದ್ದು ಒಂದೇ ಜಾಗದಲ್ಲಿ. ಎರಡೂ ಕಾರ್ಡಿಗೆ ಒಂದೇ ಲೆಕ್ಕ ಹಾಕಿದಿರಿ. ನೀವು ಎರಡರಲ್ಲೂ ಗುಣಿಸಿದಿರಿ, ಅಕ್ಕ ಎರಡರಲ್ಲೂ ಕೂಡಿಸಿದರು. ಒಂದೇ ಕಾರ್ಡಿನ ಎರಡು ಕಾಪಿ ಇದ್ದರೆ ಹೀಗೇ ಆಗಬೇಕು ಅನ್ನುವ ಒಂದು ದೊಡ್ಡ ನಿಯಮ ಈ ಆಟದಲ್ಲಿ ಇಲ್ಲ. ಕಾರ್ಡಿನ ಮೇಲೆ ಬರೆದ ಮಾತೇ ನಿಯಮ.

ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಎಲೆಯಲ್ಲಿ ಒಂದು ಹೋಳಿಗೆ ಇದೆ. ಒಬ್ಬರು ಬಂದು "ಎಲೆಯಲ್ಲಿ ಎಷ್ಟಿದೆಯೋ ಅಷ್ಟೇ ಮತ್ತೆ ಹಾಕ್ತೀನಿ" ಅನ್ನುತ್ತಾರೆ. ಎರಡಾಯಿತು. ಅವರ ಹಿಂದೆ ಬಂದವರೂ ಅದನ್ನೇ ಅನ್ನುತ್ತಾರೆ. ಅವರ ಕಣ್ಣಿಗೆ ಬಿದ್ದದ್ದು ಎರಡು, ಹಾಗಾಗಿ ನಾಲ್ಕಾಯಿತು. ಇದು ಡಬ್ಲಿಂಗ್ ಸೀಸನ್. 2005ರ ರಾವ್ನಿಕಾ ಸೆಟ್‌ನಲ್ಲಿ ಬಂದ ಈ ಕಾರ್ಡ್ ಹೇಳುವುದು, ನಿಮಗೆ ಬರಬೇಕಾದ ಟೋಕನ್‌ಗಳ ಬದಲಿಗೆ ಅದರ ಎರಡರಷ್ಟು ಬರಲಿ ಎಂದು. 'ಬದಲಿಗೆ' ಅನ್ನುವ ಆ ಮಾತು, ಅಂದರೆ 'ಇನ್‌ಸ್ಟೆಡ್', ಬಹಳ ಮುಖ್ಯ. ಇಂಥವನ್ನು ರಿಪ್ಲೇಸ್‌ಮೆಂಟ್ ಎಫೆಕ್ಟ್ ಅನ್ನುತ್ತಾರೆ. ಟೋಕನ್ ಟೇಬಲ್‌ಗೆ ಬರುವ ಮೊದಲೇ ಲೆಕ್ಕ ಬದಲಾಗಿರುತ್ತದೆ. ಮೊದಲ ಕಾಪಿ ಒಂದನ್ನು ಎರಡು ಮಾಡಿತು. ಎರಡನೆಯದು ಆ ಎರಡನ್ನು ನಾಲ್ಕು ಮಾಡಿತು.

ಹಾಗಾದರೆ ಮೊದಲನೆಯದು ಮತ್ತೆ ಬಂದು ನಾಲ್ಕನ್ನು ಎಂಟು ಮಾಡಬಾರದಾ ಎಂದು ಅಕ್ಕ ಕೇಳಿದ್ದರಂತೆ. ಒಳ್ಳೆಯ ಪ್ರಶ್ನೆ. ಅದಕ್ಕೆ ನಿಯಮದಲ್ಲೇ ತಡೆ ಇದೆ. ಒಂದು ಘಟನೆಯ ಮೇಲೆ ಒಂದು ರಿಪ್ಲೇಸ್‌ಮೆಂಟ್ ಎಫೆಕ್ಟ್‌ಗೆ ಒಂದೇ ಅವಕಾಶ. ಬಡಿಸುವವರು ನಿಮ್ಮ ಎಲೆ ದಾಟಿ ಮುಂದೆ ಹೋದರೆ ಹೋದ ಹಾಗೇ. ಈ ತಡೆ ಇಲ್ಲದಿದ್ದರೆ ಲೆಕ್ಕ ಮುಗಿಯುತ್ತಲೇ ಇರಲಿಲ್ಲ.

ಇನ್ನು ಪ್ಯಾನ್‌ಹಾರ್ಮೋನಿಕಾನ್. ಇದು ಎರಡರಷ್ಟು ಅನ್ನುವುದೇ ಇಲ್ಲ. ಆರ್ಟಿಫ್ಯಾಕ್ಟ್ (ವಸ್ತುವಿನ ಕಾರ್ಡ್) ಅಥವಾ ಕ್ರಿಯೇಚರ್ ಬಂದದ್ದರಿಂದ ನಿಮ್ಮ ಯಾವುದಾದರೂ ಕಾರ್ಡಿನ ಎಬಿಲಿಟಿ ಟ್ರಿಗರ್ ಆದರೆ, ಅಂದರೆ ಅದರ ಗುಣ ತಾನಾಗಿ ಕೆಲಸಕ್ಕೆ ಇಳಿದರೆ, ಅದು 'ಇನ್ನೊಂದು ಸಲ' ಟ್ರಿಗರ್ ಆಗಲಿ ಅನ್ನುತ್ತದೆ. ಒಂದೇ ಕಾಪಿ ಇದ್ದಾಗ ಒಂದು ಎರಡಾಗುತ್ತದೆ. ಅದನ್ನು ನೋಡಿ ನೋಡಿ ಇದೂ ಡಬಲ್ ಮಾಡುವ ಕಾರ್ಡ್ ಎಂದು ಮನಸ್ಸಲ್ಲಿ ಕೂತುಬಿಡುತ್ತದೆ. ಎರಡನೇ ಕಾಪಿ ಬಂದಾಗಲೇ ವ್ಯತ್ಯಾಸ ಗೊತ್ತಾಗುವುದು. ಎಲೆಯಲ್ಲಿ ಒಂದು ಹೋಳಿಗೆ, ಬಂದ ಇಬ್ಬರೂ "ಇನ್ನೊಂದು ಹಾಕ್ಲಾ?" ಅಂದರೆ ಒಟ್ಟು ಮೂರು, ಅಲ್ವಾ?

ಅಂದ ಹಾಗೆ, ಪ್ಯಾನ್‌ಹಾರ್ಮೋನಿಕಾನ್ ಬಂದದ್ದು 2016ರ ಕಲಾದೇಶ್ ಸೆಟ್‌ನಲ್ಲಿ. ಕಲಾದೇಶ್ ಅನ್ನುವ ಆ ಕಲ್ಪನಾ ಲೋಕಕ್ಕೆ ಸ್ಫೂರ್ತಿ ನಮ್ಮ ಭಾರತವೇ. 2025ರ ಈಥರ್‌ಡ್ರಿಫ್ಟ್ ಸೆಟ್ ಹೊತ್ತಿಗೆ ಅದರ ಹೆಸರು ಅವಿಷ್ಕಾರ್ ಎಂದಾಯಿತು. ನಮ್ಮ 'ಆವಿಷ್ಕಾರ'ವೇ ಅದು. ಕಾರ್ಡ್ ಹಿಡಿದಾಗ ಆ ಹೆಸರು ನೆನಪಾದರೆ ನನಗೆ ಖುಷಿಯಾಗುತ್ತದೆ.

ಮೂರನೆಯದು ಇಂಪ್ಯಾಕ್ಟ್ ಟ್ರೆಮರ್ಸ್. ನಿಮ್ಮ ಕಡೆ ಕ್ರಿಯೇಚರ್ ಬಂದಾಗಲೆಲ್ಲ ಎದುರಾಳಿಗೆ 1 ಡ್ಯಾಮೇಜ್. ಇದರ ಎರಡು ಕಾಪಿ ಇದ್ದರೆ ಒಂದಕ್ಕೊಂದು ಸಂಬಂಧವಿಲ್ಲ. ತಮ್ಮ ತಮ್ಮ ಕೆಲಸ ತಾವು ಮಾಡುತ್ತವೆ.

ಈಗ ನಿಮ್ಮದೇ ಟೇಬಲ್ ಮೇಲೆ ಒಂದು ಪ್ರಯೋಗ ಮಾಡೋಣ. ಆ ಹೊತ್ತಿಗೆ ನಿಮ್ಮ ಬಳಿ ಇನ್ನೊಂದೇ ಕಾಪಿ ಜಾಸ್ತಿ ಇದ್ದಿದ್ದರೆ ಯಾವುದು ಇರಬೇಕಿತ್ತು? ಮೂರನೇ ಡಬ್ಲಿಂಗ್ ಸೀಸನ್ ಇದ್ದಿದ್ದರೆ ಎಂಟು ಟೋಕನ್, ಮೂರು ಸಲ, 24. ಎರಡನೇ ಇಂಪ್ಯಾಕ್ಟ್ ಟ್ರೆಮರ್ಸ್ ಇದ್ದಿದ್ದರೂ ಹನ್ನೆರಡು ಎರಡಲ 24. ಮೂರನೇ ಪ್ಯಾನ್‌ಹಾರ್ಮೋನಿಕಾನ್ ಇದ್ದಿದ್ದರೆ ನಾಲ್ಕು ಟೋಕನ್, ನಾಲ್ಕು ಸಲ, 16 ಮಾತ್ರ. ಡೆಕ್ ಕಟ್ಟುವಾಗ ಯಾವ ಕಾರ್ಡಿಗೆ ಎಷ್ಟು ಕಾಪಿ ಎಂದು ಯೋಚಿಸುವವರಿಗೆ ಈ ಲೆಕ್ಕ ನಿಜಕ್ಕೂ ಉಪಯೋಗ.

ಕೂಡಿಸುವ ಕಾರ್ಡ್, ಗುಣಿಸುವ ಕಾರ್ಡ್ ಎರಡೂ ಒಟ್ಟಿಗೆ ಸಿಕ್ಕರೆ ಇನ್ನೂ ಸೊಗಸು. ಹಾರ್ಡನ್ಡ್ ಸ್ಕೇಲ್ಸ್ ಎಂಬ ಕಾರ್ಡ್ ನಿಮ್ಮ ಕ್ರಿಯೇಚರ್ ಮೇಲೆ ಬರುವ +1/+1 ಕೌಂಟರ್‌ಗಳಿಗೆ (ಶಕ್ತಿ ಮತ್ತು ತಾಳುವ ಬಲವನ್ನು ಒಂದೊಂದು ಹೆಚ್ಚಿಸುವ ಗುರುತುಗಳು) ಒಂದನ್ನು ಸೇರಿಸುತ್ತದೆ. ಡಬ್ಲಿಂಗ್ ಸೀಸನ್ ಕೌಂಟರ್‌ಗಳನ್ನೂ ಎರಡರಷ್ಟು ಮಾಡುತ್ತದೆ. ಒಂದು ಕೌಂಟರ್ ಬರಬೇಕಿತ್ತು ಅಂದುಕೊಳ್ಳಿ. ಮೊದಲು ಡಬಲ್ ಮಾಡಿ ಆಮೇಲೆ ಕೂಡಿಸಿದರೆ ಮೂರು. ಮೊದಲು ಕೂಡಿಸಿ ಆಮೇಲೆ ಡಬಲ್ ಮಾಡಿದರೆ ನಾಲ್ಕು. ಯಾವುದು ಮೊದಲು ಎಂದು ಹೇಳುವ ಹಕ್ಕು ಆ ಕ್ರಿಯೇಚರ್ ಯಾರ ಕೈಯಲ್ಲಿದೆಯೋ ಅವರದು. ಯಾವ ಕಾರ್ಡ್ ಮೊದಲು ಟೇಬಲ್‌ಗೆ ಬಂತು ಅನ್ನುವುದು ಇಲ್ಲಿ ಲೆಕ್ಕಕ್ಕೇ ಇಲ್ಲ. ಇದು ಗೊತ್ತಿಲ್ಲದೆ ಸುಮ್ನೆ ಒಂದು ಕೌಂಟರ್ ಕಳೆದುಕೊಳ್ಳುವವರು ಬಹಳ ಮಂದಿ.

ಎರಡನೇ ಕಾಪಿಯಿಂದ ಏನೂ ಬದಲಾಗದ ಸಂದರ್ಭಗಳೂ ಇವೆ. ಹಾರುವ ಕ್ರಿಯೇಚರ್‌ಗೆ ಇನ್ನೊಮ್ಮೆ ಫ್ಲೈಯಿಂಗ್ ಕೊಟ್ಟರೆ ಅದು ಎರಡು ಪಟ್ಟು ಹಾರುವುದಿಲ್ಲ. ಲೈಫ್‌ಲಿಂಕ್, ಅಂದರೆ ಕ್ರಿಯೇಚರ್ ಮಾಡಿದ ಡ್ಯಾಮೇಜ್‌ನಷ್ಟು ಲೈಫ್ ಅದನ್ನು ಆಡುವವರಿಗೆ ಸಿಗುವ ಗುಣ, ಅದೂ ಈಗ ಹಾಗೆಯೇ. ಆದರೆ 2009ಕ್ಕೆ ಮೊದಲು ಹಾಗಿರಲಿಲ್ಲ. ಆಗ ಲೈಫ್‌ಲಿಂಕ್ ಟ್ರಿಗರ್ ಆಗುತ್ತಿತ್ತು. ಎರಡು ಇದ್ದರೆ ಎರಡು ಸಲ ಲೈಫ್ ಸಿಗುತ್ತಿತ್ತು. ಆ ವರ್ಷ ಮ್ಯಾಜಿಕ್ 2010 ಸೆಟ್ ಜೊತೆ ಬಂದ ನಿಯಮಗಳು ಅದನ್ನು ಬದಲಿಸಿದವು. ಹಳೆಯ ಆಟಗಾರರು ಯಾರಾದರೂ ಬೇರೆ ರೀತಿ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ಅವರು ಕಲಿತ ಕಾಲದಲ್ಲಿ ಅದೇ ಸರಿ ಇತ್ತು.

ನನಗೆ ತುಂಬಾ ಇಷ್ಟವಾದ ಕಾರ್ಡ್ ಒಂದನ್ನು ಹೇಳದೆ ಇರಲಾರೆ. 2004ರ ರಿಲೆಂಟ್‌ಲೆಸ್ ರ‍್ಯಾಟ್ಸ್. ಸಾಮಾನ್ಯವಾಗಿ ಒಂದು ಡೆಕ್‌ನಲ್ಲಿ ಒಂದೇ ಕಾರ್ಡ್ ನಾಲ್ಕಕ್ಕಿಂತ ಹೆಚ್ಚು ಇಡುವಂತಿಲ್ಲ. ಆದರೆ ಇದನ್ನು ಎಷ್ಟು ಬೇಕಾದರೂ ಇಡಬಹುದು. ಒಂಟಿ ಇಲಿ 2/2, ಅಂದರೆ ಶಕ್ತಿ 2, ತಾಳುವ ಬಲ 2. ಬೇರೆ ಪ್ರತಿ ರಿಲೆಂಟ್‌ಲೆಸ್ ರ‍್ಯಾಟ್ಸ್‌ಗೂ +1/+1. ಎರಡಿದ್ದರೆ ತಲಾ 3, ಒಟ್ಟು ಶಕ್ತಿ 6. ಮೂರಿದ್ದರೆ ತಲಾ 4, ಒಟ್ಟು 12. ನಾಲ್ಕಿದ್ದರೆ 20. ನಾಲ್ಕರಲ್ಲಿ ಒಂದನ್ನು ಕೊಂದರೆ ಎದುರಾಳಿ ತೆಗೆದದ್ದು ಐದಲ್ಲ, ಎಂಟು. ಯಾಕೆಂದರೆ ಉಳಿದ ಮೂರೂ ಒಂದೊಂದು ಕುಗ್ಗುತ್ತವೆ.

ಬೇರೆ ಆಟಗಳ ಬಗ್ಗೆಯೂ ಕೇಳಿದ್ದೀರಿ. ಯು-ಗಿ-ಓ ಕಾರ್ಡಿನಲ್ಲಿ ಬರೀ 'ಟರ್ನ್‌ಗೆ ಒಂದು ಸಲ' ಎಂದಿದ್ದರೆ ಎರಡು ಕಾಪಿಯನ್ನೂ ತಲಾ ಒಂದು ಸಲ ಬಳಸಬಹುದು. ಕಾರ್ಡಿನ ಹೆಸರನ್ನೇ ಹೇಳಿ, ಅದರ ಎಫೆಕ್ಟ್ ಟರ್ನ್‌ಗೆ ಒಂದೇ ಸಲ ಎಂದಿದ್ದರೆ ಕೈಯಲ್ಲಿ ಮೂರು ಕಾಪಿ ಇದ್ದರೂ ಒಂದೇ ಸಲ. ಪೋಕೆಮಾನ್‌ನಲ್ಲೂ ಹೀಗೇ. ಶೇಮಿನ್-ಇಎಕ್ಸ್ ಕಾರ್ಡಿನಲ್ಲಿ ಹೊಸ ಕಾರ್ಡ್ ಎಳೆದುಕೊಳ್ಳಲು ಬಿಡುವ ಸೆಟ್ ಅಪ್ ಎಬಿಲಿಟಿಗೆ ಅಂಥ ಮಿತಿ ಇರಲಿಲ್ಲ. ಮುಂದೆ ಬಂದ ಡೆಡೆನ್ನೆ-ಜಿಎಕ್ಸ್ ಕಾರ್ಡಿನ ಅಂಥದೇ ಎಬಿಲಿಟಿಗೆ ಟರ್ನ್‌ಗೆ ಒಂದೇ ಎಂದು ಬರೆದೇ ಬಿಟ್ಟರು.

ನಿಮ್ಮ ಆಟಕ್ಕೆ ಮರಳೋಣ. ಫೋಟೋ ಇದೆ ಎಂದಿದ್ದೀರಿ, ಅದನ್ನು ನೋಡಿಕೊಂಡು ಕಾರ್ಡ್‌ಗಳನ್ನು ಇದ್ದ ಹಾಗೇ ಜೋಡಿಸಿ. ನಾಲ್ಕು ಟೋಕನ್ ಇಡಿ. ಅಕ್ಕನ 14ರಲ್ಲಿ 12 ಕಳೆಯಿರಿ. ಅವರ ಹತ್ತಿರ ಇನ್ನೂ 2 ಲೈಫ್ ಇದೆ. ನಿಮ್ಮ ಟರ್ನ್‌ನಲ್ಲಿ ಮಾಡುವುದು ಬೇರೇನೂ ಉಳಿದಿಲ್ಲವಾದರೆ, ಮುಂದಿನ ಸರದಿ ಅವರದು.

ಸಂಪಾದಕ