‘6,523 ಜ್ಯೋತಿರ್ವರ್ಷ’ ಎಲ್ಲಿಂದ ಬಂತು?

ನಮಸ್ಕಾರ. ಚಾರಿತ್ರಿಕ ಸೂಪರ್‌ನೋವಾಗಳ (ನಕ್ಷತ್ರಗಳ ಮಹಾಸ್ಫೋಟಗಳ) ಅವಶೇಷಗಳು ನಮ್ಮಿಂದ ಎಷ್ಟು ದೂರ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಭಾಷೆಗೆ ಹೆಸರಿಡುವಂತಿಲ್ಲ. ಆದರೆ ಸ್ಫೋಟಗಳು ಕಂಡ 1006, 1054, 1572, 1604 ಎಂದು ಇಸವಿ ಕೊಟ್ಟು, ಪ್ರತಿಯೊಂದರ ಎದುರು ಒಂದು ದೂರ ಬರೆದು ಕೈತೊಳೆದುಕೊಂಡಿದ್ದೀರಿ. 1054ರ ಸ್ಫೋಟದ ಅವಶೇಷವಾದ ಏಡಿ ನೀಹಾರಿಕೆಗಂತೂ 6,523! ಆ ಕೊನೆಯ ಇಪ್ಪತ್ತಮೂರನ್ನು ಅಳೆದವರು ಯಾರು?

ಸಾಮಾನ್ಯವಾಗಿ ಹೇಳುವುದು ಸುಮಾರು 6,500. ನಿಜಕ್ಕೂ ಅದು 5,000ದಿಂದ 8,000ದ ನಡುವೆ ಎಲ್ಲಾದರೂ ಇರಬಹುದು. ಯಾಕಿಷ್ಟು ಹಿಂದೆಮುಂದೆ ಎಂಬುದನ್ನೇ ನೀವು ಬರೆಯಬೇಕಿತ್ತು. ನೀಹಾರಿಕೆಯ ನಡುಭಾಗದ ಅನಿಲದ ಎಳೆಗಳು ನಮ್ಮತ್ತ ನುಗ್ಗುವ ವೇಗವನ್ನು ರೋಹಿತ (ಬಣ್ಣಗಳಾಗಿ ಬಿಡಿಸಿದ ಬೆಳಕು) ಹೇಳುತ್ತದೆ: ಸೆಕೆಂಡಿಗೆ ಸುಮಾರು 1,500 ಕಿ.ಮೀ. ಅಂಚಿನ ಎಳೆಗಳು ಪಕ್ಕಕ್ಕೆ ಸರಿಯುವುದನ್ನು ಹಲವು ವರ್ಷಗಳ ಅಂತರದಲ್ಲಿ ತೆಗೆದ ಚಿತ್ರಗಳು ತೋರಿಸುತ್ತವೆ, ಆದರೆ ಬರೀ ಕೋನದ ಲೆಕ್ಕದಲ್ಲಿ. ಎರಡೂ ವೇಗ ಒಂದೇ ಎಂದು ಹಿಡಿದರೆ ದೂರ ಸಿಕ್ಕಿತು. ತೊಡಕಿರುವುದೇ ಇಲ್ಲಿ. ನೀಹಾರಿಕೆ ಗುಂಡಗಿಲ್ಲ, ಮೊಟ್ಟೆಯಂತೆ ಉದ್ದ. ಉದ್ದನೆಯ ಬದಿಯ ಚಲನೆ ಹಿಡಿದರೆ ದೂರ ಕಡಿಮೆ ಬರುತ್ತದೆ, ಗಿಡ್ಡ ಬದಿಯದ್ದು ಹಿಡಿದರೆ ಹೆಚ್ಚು. ನಮ್ಮ ನೋಟದ ದಿಕ್ಕಿನಲ್ಲಿ ಅದರ ಆಳ ಎಷ್ಟೆಂದು ನೇರವಾಗಿ ಕಾಣುವುದಿಲ್ಲವಲ್ಲ.

1572ರದ್ದನ್ನು ಡೆನ್ಮಾರ್ಕಿನ ಖಗೋಳಜ್ಞ ಟೈಕೊ ಬ್ರಾಹೆ ಶುಕ್ರನಷ್ಟು ಪ್ರಕಾಶಮಾನವಾಗಿ ಕಂಡ. ಅದು ಒಂದು-ಎ ಬಗೆಯದು (ಶ್ವೇತಕುಬ್ಜ ನಕ್ಷತ್ರದ ಸ್ಫೋಟ) ಎಂದು 2008ರಲ್ಲಿ ಅದರ ಬೆಳಕಿನ ಪ್ರತಿಧ್ವನಿಯ, ಅಂದರೆ ದೂಳಿಗೆ ತಾಗಿ ತಡವಾಗಿ ಬಂದ ಬೆಳಕಿನ, ರೋಹಿತದಿಂದ ಖಚಿತವಾಯಿತು. ಆ ಬಗೆಯ ಸ್ಫೋಟದ ನಿಜ ಕಾಂತಿ ಗೊತ್ತಿರುವುದರಿಂದ ದೂರ ಲೆಕ್ಕ ಹಾಕಬಹುದು ಎಂದಿದ್ದೀರಿ. ಸರಿ. ಆದರೆ ದಾರಿಯಲ್ಲಿ ದೂಳು ನುಂಗಿದ ಬೆಳಕು? ಅದನ್ನು ಬಿಟ್ಟರೆ ದೂರ ಹಿಗ್ಗುತ್ತದೆ. ಕಾಂತಿಮಾನದಲ್ಲಿ (ಪ್ರಕಾಶ ಅಳೆಯುವ ಖಗೋಳದ ಮಾಪಕದಲ್ಲಿ) ಒಂದರಷ್ಟು ತಪ್ಪಿದರೂ ದೂರ ಸುಮಾರು 1.6 ಪಟ್ಟು ಏರುಪೇರಾಗುತ್ತದೆ. ಬರಿಗಣ್ಣಿನ ಅಂದಾಜಿನ ಮೇಲೆ ನಿಂತ ಲೆಕ್ಕವಿದು, ಮರೆಯಬೇಡಿ.

1006ರದ್ದಕ್ಕೆ ಎರಡು ಸಾಲು ಸಾಕು: ರೋಹಿತದ ಹೈಡ್ರೋಜನ್ ರೇಖೆಯ ಅಗಲದಿಂದ ಆಘಾತ ತರಂಗದ ವೇಗ, ಜೊತೆಗೆ ಅಂಚಿನ ಚಲನೆ, ದೂರ ಸುಮಾರು 7,000 ಜ್ಯೋತಿರ್ವರ್ಷ. ರೇಡಿಯೊ ಕಾಂತಿಯಿಂದ ವ್ಯಾಸ ಊಹಿಸುವ ಕೊನೆಯ ಭಾಗವನ್ನು ಪೂರ್ತಿ ತೆಗೆಯಿರಿ. ಒಂದೇ ಮೇಲ್ಮೈ ಕಾಂತಿಯ ಅವಶೇಷಗಳ ಗಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. ನಿಮ್ಮ ಲೇಖನದ ಅವಶೇಷಗಳ ದೂರಕ್ಕೆ ಅದಕ್ಕಿಂತ ಒಳ್ಳೆಯ ದಾರಿಗಳಿವೆ.

ಕೋಷ್ಟಕ ಬೇಡ. ಏಡಿ, ಟೈಕೊ ಎರಡನ್ನೇ ವಿಸ್ತರಿಸಿ. ದೂರ ಹೇಳಿದ ವಾಕ್ಯದಲ್ಲೇ ವಿಧಾನವೂ ಅನಿಶ್ಚಿತತೆಯೂ ಬರಲಿ. ಶುಕ್ರನ ಹೋಲಿಕೆಯಿರುವ ಪ್ಯಾರಾ ನಾಲ್ಕನೇ ಪುಟದಲ್ಲಿ ಹೂತುಹೋಗಿದೆ. ಅದರಿಂದಲೇ ಶುರುಮಾಡಿ, ಮತ್ತೆ ಕಳಿಸಿ.