ಸಭೆಗೆ ಕರೆದರು, ಸಹಿ ಹಾಕಿಸಿಕೊಂಡರು. ಮುಂದೇನು?

ಪ್ರಶ್ನೆ: ನಮ್ಮದು ಚಿಕ್ಕ ಕಲಾ ಸಂಸ್ಥೆ. ಹೊಸ ಸಾಂಸ್ಕೃತಿಕ ನೀತಿಯ ಚರ್ಚೆಗೆ ಇಲಾಖೆಯವರು ಕರೆದಿದ್ದರು. ಹೋದಾಗ ನೀತಿ ಆಗಲೇ ಅಚ್ಚಾಗಿತ್ತು. ಎರಡು ಮಾತಾಡಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಬಂದೆವು. ನಾಗರಿಕ ಸಮಾಜದ, ಅಂದರೆ ಸರ್ಕಾರದ ಹೊರಗಿನ ನಮ್ಮಂಥ ಸಂಘ-ಸಂಸ್ಥೆಗಳ ಪಾತ್ರ ಇಷ್ಟೇನಾ?

ಉತ್ತರ: ಈ ಪ್ರಶ್ನೆ ಪದೇ ಪದೇ ಬರುತ್ತದೆ. ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ, ನಿಮ್ಮ ಮೇಲಲ್ಲ, ಇಂಥ ಸಭೆ ನಡೆಸುವವರ ಮೇಲೆ. ಅಚ್ಚಾದ ಮೇಲೆ ಅಭಿಪ್ರಾಯ ಕೇಳಿ ಏನು ಪ್ರಯೋಜನ? ಮುಂದಿನ ಸಲ ಕರಡು ಮೊದಲೇ ಕೊಡಿ ಎಂದು ಲಿಖಿತವಾಗಿ ಕೇಳಿ. ಸಿಗದಿದ್ದರೆ ಸಿಗಲಿಲ್ಲ ಎಂದು ಬರೆದೇ ಸಹಿ ಹಾಕಿ.

'ಯುನೆಸ್ಕೋ ಒಡಂಬಡಿಕೆ ನಮಗೆ ಹಕ್ಕು ಕೊಟ್ಟಿದೆ' ಎಂದು ಹಲವರು ವಾದಿಸುತ್ತಾರೆ. ಅದು ದೇಶಗಳು ಯುನೆಸ್ಕೋದಲ್ಲಿ ತಮ್ಮ ನಡುವೆ ಮಾಡಿಕೊಂಡ ಒಪ್ಪಂದ. ದಯವಿಟ್ಟು ಅದನ್ನೊಮ್ಮೆ ಓದಿ. ಸಾಂಸ್ಕೃತಿಕ ವೈವಿಧ್ಯದ 2005ರ ಒಡಂಬಡಿಕೆಯ 11ನೇ ವಿಧಿ ನಾಗರಿಕ ಸಮಾಜದ ಪಾತ್ರ ಮೂಲಭೂತವಾದದ್ದು ಎಂದು ಒಪ್ಪುತ್ತದೆ. ಅದರ ಸಕ್ರಿಯ ಪಾಲ್ಗೊಳ್ಳುವಿಕೆಯನ್ನು ಸರ್ಕಾರಗಳು ಪ್ರೋತ್ಸಾಹಿಸಬೇಕು ಎನ್ನುತ್ತದೆ. ನಿಮ್ಮ ಒಪ್ಪಿಗೆ ಪಡೆಯಲೇಬೇಕು ಎಂದು ಎಲ್ಲೂ ಹೇಳಿಲ್ಲ. ಇಲ್ಲದ ಹಕ್ಕನ್ನು ಇದೆ ಎಂದು ವಾದಿಸಿದರೆ ಅಧಿಕಾರಿಗಳು ನಿಮ್ಮ ಉಳಿದ ಮಾತನ್ನೂ ಕೇಳುವುದಿಲ್ಲ.

ಹಾಗಾದರೆ ಹಿಡಿಯಬೇಕಾದ್ದು ಯಾವುದು? ವರದಿ. ಒಡಂಬಡಿಕೆಗೆ ಸೇರಿದ ಪ್ರತಿ ದೇಶವೂ ತಾನು ಏನು ಮಾಡಿದೆ ಎಂದು ನಾಲ್ಕು ವರ್ಷಕ್ಕೊಮ್ಮೆ ಯುನೆಸ್ಕೋಗೆ ವರದಿ ಕೊಡಬೇಕು. ಆ ವರದಿಯ ನಮೂನೆಯಲ್ಲಿ ನಾಗರಿಕ ಸಂಸ್ಥೆಗಳಿಗೆಂದೇ ಜಾಗ ಇದೆ. ನಿಮ್ಮ ದೇಶದ ವರದಿ ಯಾವಾಗ, ಯಾರು ಬರೆಯುತ್ತಾರೆ ಎಂದು ಒಂದು ವರ್ಷ ಮೊದಲೇ ವಿಚಾರಿಸಿ. ಅದು ಸಾರ್ವಜನಿಕವಾಗಿ ಪ್ರಕಟವಾಗುತ್ತದೆ, ಆದ್ದರಿಂದ ಅಲ್ಲಿ ದಾಖಲಾದ ಮಾತಿಗೆ ತೂಕ ಜಾಸ್ತಿ.

ಅಲ್ಲಿ ಕಲೆಯ ಹಿರಿಮೆ ಬರೆಯಬೇಡಿ. ಮೂರು ಪುಟ ಪರಂಪರೆ, ಕೊನೆಗೆ ಒಂದು ಸಾಲು ಬೇಡಿಕೆ ಇರುವ ಮನವಿಗಳನ್ನು ಓದಿ ಓದಿ ಸಾಕಾಗಿದೆ. ಎಷ್ಟು ಜನ ಅನುದಾನ ಕೇಳಿದರು? ಎಷ್ಟು ಜನರಿಗೆ ಸಿಕ್ಕಿತು? ಯಾವ ಭಾಷೆಯವರಿಗೆ ಸಿಗಲೇ ಇಲ್ಲ? ಹಣ ಎಷ್ಟು ತಿಂಗಳು ತಡವಾಯಿತು? ಇವನ್ನು ಬರೆಯಿರಿ.

ಒಬ್ಬೊಬ್ಬರೇ ಹೋಗಬೇಡಿ. ಈ ಒಡಂಬಡಿಕೆ ಹುಟ್ಟಿದ ಬಗೆಯೇ ನೋಡಿ. 1998ರಲ್ಲಿ ಹೂಡಿಕೆ ಕುರಿತ ಒಂದು ಅಂತರರಾಷ್ಟ್ರೀಯ ಒಪ್ಪಂದದ ಮಾತುಕತೆ ಮುರಿದುಬಿತ್ತು. ಸಂಸ್ಕೃತಿಯನ್ನು ಆ ಒಪ್ಪಂದದಿಂದ ಹೊರಗಿಡಿ ಎಂದ ಫ್ರಾನ್ಸಿನ ಸಿನಿಮಾದವರ ವಿರೋಧಕ್ಕೂ ಅದರಲ್ಲಿ ಪಾಲಿತ್ತು. ಆಮೇಲೆ ಕೆನಡಾ, ಫ್ರಾನ್ಸ್ ಮುಂತಾದ ಕಡೆ ಲೇಖಕರು, ನಟರು, ಸಂಗೀತಗಾರರ ಸಂಘಗಳು ಒಕ್ಕೂಟ ಕಟ್ಟಿ, ಸಂಸ್ಕೃತಿಗೇ ಒಂದು ಒಡಂಬಡಿಕೆ ಬೇಕು ಎಂಬ ಒಂದೇ ಬೇಡಿಕೆ ಹಿಡಿದು ಸರ್ಕಾರಗಳ ಬೆನ್ನು ಬಿದ್ದವು. 2005ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಮತಕ್ಕೆ ಹಾಕಿದಾಗ ಪರವಾಗಿ 148 ದೇಶಗಳು, ವಿರೋಧವಾಗಿ ಅಮೆರಿಕ ಮತ್ತು ಇಸ್ರೇಲ್ ಎರಡೇ.

ಒಕ್ಕೂಟ ಕಟ್ಟುವಾಗ ಯಾರು ಬಂದಿಲ್ಲ ಎಂದು ನೋಡಿಕೊಳ್ಳಿ. ದೊಡ್ಡ ಭಾಷೆಯ, ದೊಡ್ಡ ಊರಿನ ನಾಲ್ಕು ಸಂಸ್ಥೆಗಳು ಎಲ್ಲರ ಪರವಾಗಿ ಮಾತಾಡುವುದು ವೈವಿಧ್ಯ ಅಲ್ಲ.

ಇನ್ನೊಂದು ಎಚ್ಚರಿಕೆ, ಇದು ನನ್ನ ಭಯ ಅಂತಲೇ ತಿಳಿದುಕೊಳ್ಳಿ. ನನಗೆ ಗೊತ್ತಿದ್ದ ಒಕ್ಕೂಟವೊಂದು ಖಾರವಾದ ಟಿಪ್ಪಣಿ ಸಿದ್ಧ ಮಾಡಿತ್ತು. ಅನುದಾನದ ಕಂತು ಬಾಕಿ ಇದೆ ಎಂದು ಕೊನೆ ಗಳಿಗೆಯಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಪೂರ್ತಿ ಹಣ ಒಂದೇ ಇಲಾಖೆಯಿಂದ ಬರುತ್ತಿದ್ದರೆ ಬಾಯಿ ತಾನಾಗಿ ಕಟ್ಟಿಹೋಗುತ್ತದೆ. ಸದಸ್ಯರ ವಂತಿಗೆ ಚಿಕ್ಕದಾದರೂ ಬಿಡಬೇಡಿ.

ಪ್ರಶ್ನೆ: ನಮ್ಮ ಕಲೆಯನ್ನು ಯುನೆಸ್ಕೋ ಪಟ್ಟಿಗೆ ಸೇರಿಸುತ್ತೇವೆ ಎಂದು ಸಲಹೆಗಾರರೊಬ್ಬರು ಹಣ ಕೇಳುತ್ತಿದ್ದಾರೆ.

ಉತ್ತರ: ಒಂದು ಪೈಸೆಯನ್ನೂ ಕೊಡಬೇಡಿ. 2005ರ ಒಡಂಬಡಿಕೆಯಲ್ಲಿ ಪಟ್ಟಿಯೇ ಇಲ್ಲ. ಪಟ್ಟಿ ಇರುವುದು ಅಮೂರ್ತ ಪರಂಪರೆ (ಕಲೆ, ಆಚರಣೆಯಂಥವು) ಕುರಿತ 2003ರ ಇನ್ನೊಂದು ಯುನೆಸ್ಕೋ ಒಡಂಬಡಿಕೆಯಲ್ಲಿ, ಅಲ್ಲಿ ಹೆಸರು ಕಳಿಸುವುದು ಸರ್ಕಾರ. ಆ ಕಲೆಯ ಸಮುದಾಯದ ಒಪ್ಪಿಗೆಯೂ ಬೇಕು. ಏಜೆಂಟರಿಗೆ ಅಲ್ಲಿ ಕೆಲಸವಿಲ್ಲ.

ಪ್ರಶ್ನೆ: ವೈವಿಧ್ಯದ ಹೆಸರಲ್ಲಿ ಹೊರಗಿನ ಸಿನಿಮಾ ನಿಷೇಧಿಸಬಹುದಾ?

ಉತ್ತರ: ಒಡಂಬಡಿಕೆ ಇರುವುದು ನಿಮ್ಮದನ್ನು ಬೆಳೆಸಲು, ಬೇರೆಯವರ ಬಾಯಿ ಮುಚ್ಚಿಸಲು ಅಲ್ಲ.

ಪ್ರಶ್ನೆ: ಸಂಪ್ರದಾಯ ಎಂಬ ಕಾರಣಕ್ಕೆ ಹೆಣ್ಣುಮಕ್ಕಳನ್ನು ವೇದಿಕೆಗೆ ಬಿಡದ ಪದ್ಧತಿಗೂ ರಕ್ಷಣೆ ಇದೆಯೇ?

ಉತ್ತರ: ಇಲ್ಲ. ಮಾನವ ಹಕ್ಕು ಮುರಿಯಲು ಈ ಒಡಂಬಡಿಕೆಯನ್ನು ಬಳಸುವಂತಿಲ್ಲ, 2ನೇ ವಿಧಿ ಓದಿ.

ಪ್ರಶ್ನೆ: ನಮ್ಮದು ನೋಂದಣಿ ಆಗದ ಕಲಾವಿದರ ಗುಂಪು. ನಾವು ಮಾತಾಡಬಹುದಾ?

ಉತ್ತರ: ಧಾರಾಳವಾಗಿ. ಒಡಂಬಡಿಕೆಯ ಮಾರ್ಗಸೂಚಿ ಸಂಸ್ಕೃತಿ ಕ್ಷೇತ್ರದ ವೃತ್ತಿಪರರನ್ನೂ ಕಲಾವಿದರ ಬೆಂಬಲಕ್ಕೆ ನಿಂತ ಗುಂಪುಗಳನ್ನೂ ನಾಗರಿಕ ಸಮಾಜ ಎಂದೇ ಎಣಿಸುತ್ತದೆ. ಇವತ್ತೇ ಪತ್ರ ಬರೆಯಿರಿ.